ಟೆಸ್ಟರ್ ಇಡೋ ಜೇಬು

ಶಾಂತಮೂರ್ತಿಯ ಅಂಗಡಿಯ ಸ್ವಿಚ್ಚು ಅವತ್ತು ಬೆಳಿಗ್ಗೆಯೇ ಕೆಡಬೇಕೆ! ಒಂದು ದಿನ ತಡೆದು ಕೆಟ್ಟಿದ್ದರೆ ಅದರ ಗಂಟೇನು ಹೋಗುತ್ತಿತ್ತೋ ಕಾಣೆ.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಿಂದ ಎರಡು ಬೀದಿ ಒಳಕ್ಕೆ ಒಂದು ಮಹಡಿ ಕಟ್ಟಡ. ಕೆಳಗೆ ನಾಲ್ಕು ಅಂಗಡಿ, ಅದರಲ್ಲೊಂದು ‘ಪವಿತ್ರ ಜೆಂಟ್ಸ್ ಟೈಲರ್ಸ್’. ಪವಿತ್ರ ಅಂದರೆ ಶಾಂತಮೂರ್ತಿಯ ಹೆಂಡತಿ. ಮಹಡಿಯ ಮೇಲೆ ಮನೆ ವೈರಿಂಗ್ ಕಲಿಸುವ ಒಂದು ತರಬೇತಿ ಕೇಂದ್ರ. ಒಂದು ತಿಂಗಳ ಕೋರ್ಸು, ಪೂರ್ತಿ ಉಚಿತ, ಮಧ್ಯಾಹ್ನ ಊಟ ಬೇರೆ.

ಇಪ್ಪತ್ತೆರಡು ವರ್ಷ ಪ್ಯಾಂಟು ಹೊಲಿದ ಶಾಂತಮೂರ್ತಿಗೆ ಈಗ ಬರುವ ಗಿರಾಕಿಗಳೆಲ್ಲ ರೆಡಿಮೇಡ್ ಪ್ಯಾಂಟಿನ ಕಾಲು ಮಡಿಸಿಕೊಡಿ ಅನ್ನುವವರೇ. ಅದೇ ಎಲೆಕ್ಟ್ರಿಷಿಯನ್ ನೋಡಿ! ಒಂದು ಫ್ಯಾನು ತಿರುಗಲಿಲ್ಲ ಅಂದರೆ ಜನ ಅವನಿಗೆ ಮೂರು ದಿನ ಫೋನ್ ಮಾಡಿ, ಬಂದಾಗ ಕಾಫಿ ಕೊಟ್ಟು, ‘ಸಾ’ ಅನ್ನುತ್ತಾರೆ. ಟೈಲರನಿಗೆ ಯಾರಾದರೂ ‘ಸಾ’ ಅಂದದ್ದುಂಟೆ? ಹಬ್ಬದ ಹಿಂದಿನ ದಿನ ಅಂಗಡಿ ಮುಂದೆ ನಿಂತು ಬಯ್ಯುವುದಷ್ಟೇ ಗೊತ್ತು. ಯೋಚಿಸಿ ಯೋಚಿಸಿ ಶಾಂತಮೂರ್ತಿ ಒಂದು ಟೆಸ್ಟರ್ ಕೊಂಡು ಜೇಬಿಗೆ ಸಿಕ್ಕಿಸಿಕೊಂಡ. ಮೇಲಿನ ಕೇಂದ್ರದ ಮಾಲಿನಿಯ ಕೈಗೆ ಅರ್ಜಿ, ಫೋಟೋ, ಆಧಾರ್ ಜೆರಾಕ್ಸ್ ಎಲ್ಲವನ್ನೂ ಕೊಟ್ಟು ಬಂದ.

“ಇನ್ನೊಂದೇ ಸೀಟು ಉಳಿದಿರೋದು ಅಣ್ಣಾ, ಅರ್ಜಿ ಹಾಕೋಕೆ ನಾಳೆ ಸಂಜೆ ಐದೇ ಕೊನೆ. ನಾಳೆ ಹತ್ತು ಗಂಟೆಗೆ ಬಂದವಳೇ ಮೊದ್ಲು ನಿಮ್ದೇ ಕಂಪ್ಯೂಟರಿಗೆ ಹಾಕ್ತೀನಿ,” ಅಂದಿದ್ದಳು ಮಾಲಿನಿ.

ಆ ಒಂದು ಸೀಟಿನ ಮೇಲೆ ಅವನ ಪ್ರಾಣವೇ ಇತ್ತು. ಕೋರ್ಸಿಗೆ ನಲವತ್ತೈದು ತುಂಬಿದವರನ್ನು ಸೇರಿಸಿಕೊಳ್ಳುವುದಿಲ್ಲ. ಶಾಂತಮೂರ್ತಿಗೆ ಬರುವ ಸೋಮವಾರ ನಲವತ್ತೈದು ತುಂಬುತ್ತಿತ್ತು. ಈ ಬ್ಯಾಚು ತಪ್ಪಿದರೆ ಮುಗಿಯಿತು, ಸಾಯುವವರೆಗೆ ಕಾಲು ಮಡಿಸುವುದೇ.

ಇಂಥ ದಿನ ಬೆಳಿಗ್ಗೆ ಎಂಟೂವರೆಗೆ ಅಂಗಡಿಯ ಸ್ವಿಚ್ಚು ಪಟ್ಟೆಂದು ಸುಟ್ಟಿತು. ‘ನಾನೇ ಹಾಕ್ತೀನಿ’ ಎಂದು ಶಾಂತಮೂರ್ತಿ ಎದ್ದ. ಅಷ್ಟರಲ್ಲಿ ಎದುರು ಮನೆಯ ದೊಡ್ಡಮಾದಪ್ಪ ಹಲ್ಲುಜ್ಜುತ್ತಲೇ ಓಡಿ ಬಂದರು. ಇವರು ಮೂವತ್ತು ವರ್ಷ ಮನೆಮನೆಗೆ ಕರೆಂಟ್ ಬಿಲ್ಲು ಹಂಚಿ ರಿಟೈರಾದವರು. ಹಾಗಾಗಿ ಕರೆಂಟಿನ ವಿಷಯದಲ್ಲಿ ಅವರಿಗೆ ತಿಳಿಯದ್ದೇ ಇಲ್ಲ.

“ಲೇ ಮೂರ್ತಿ! ಫ್ಯೂಸ್ ಕಿತ್ತ್ಯಾ ಮೊದ್ಲು?”

“ಇಲ್ಲ ಕಣಣ್ಣೋ.”

“ಸತ್ತೋಗ್ತೀಯ ಕಣ್ಲಾ! ಫ್ಯೂಸ್ ಕೀಳು. ಕಿತ್ತು ಅಲ್ಲೇ ಮಡಗ್ಬ್ಯಾಡ. ಯಾವನಾರ ಬಂದು ತಿರ್ಗಾ ಚುಚ್ಚುಬುಟ್ರೆ? ನಿನ್ ತಾವೇ ಮಡಿಕ್ಕೊ. ಪೆಟ್ಗೆಗೆ ಬೀಗಾನೂ ಆಕು.”

ಮೆಟ್ಟಿಲ ಕೆಳಗಿನ ಬೋರ್ಡಿನ ಕೀಲಿಯನ್ನು ಕಟ್ಟಡದ ಮಾಲೀಕರು ಶಾಂತಮೂರ್ತಿಗೇ ಕೊಟ್ಟಿದ್ದರು. ಒಳಗೆ ನೋಡಿದರೆ ಮೂರು ದೊಡ್ಡ ಬಿಳಿ ಪಿಂಗಾಣಿ ಫ್ಯೂಸು. ತನ್ನದು ಯಾವುದೆಂದು ತಿಳಿಯದೆ ಮೂರನ್ನೂ ಕಿತ್ತ. ಚಡ್ಡಿ ಬಟ್ಟೆಯ ಚೂರಿನಲ್ಲಿ ಸುತ್ತಿ ತನ್ನ ಚೀಲಕ್ಕೆ ಹಾಕಿದ. ಬೀಗ ಜಡಿದ. ಹೊಸ ಸ್ವಿಚ್ಚು ಕೂರಿಸಿದ. ಇಪ್ಪತ್ತೇ ನಿಮಿಷ, ಒಂದು ಕಿಡಿಯೂ ಹಾರಲಿಲ್ಲ. ಅವನಿಗೆ ತನ್ನ ಮೇಲೆ ತನಗೇ ಗೌರವ ಬಂತು.

“ಮ್ಯಾಲಿನ ಕೋರ್ಸಿಗೆ ಸೇರ್ತಾ ಇವ್ನಿ ಅಣ್ಣ,” ಎಂದು ಆ ಖುಷಿಯಲ್ಲಿ ಬಾಯಿಬಿಟ್ಟ.

“ಪುಕ್ಸಟ್ಟೆ ಕೋರ್ಸಾ?” ದೊಡ್ಡಮಾದಪ್ಪ ಮುಖ ಸಿಂಡರಿಸಿದರು. “ಅಲ್ಲ ಕಣ್ಲಾ, ಒಂದು ಶರ್ಟ್ ಪೀಸ್ ತಕಳಕೆ ಜನ ನಾಕು ಅಂಗ್ಡಿ ನೋಡ್ತರೆ. ನೀನು ಬಾಳೇ ಬದ್ಲಾಯಿಸ್ಕೊಳಾಕೆ ಒಂದೇ ಅಂಗ್ಡಿ ನೋಡಿ ಒಪ್ಕಬುಟ್ಯಾ? ಯಳಂದೂರ್‌ನಲ್ಲಿ ನಮ್ ತಂಗಿ ಮಗ ಸ್ವಾಮಿ ಇನ್‌ಸ್ಟಿಟ್ಯೂಟ್ ಮಡಗವ್ನೆ. ಅನೂರ್‌ನಲ್ಲಿ ಕಂಟ್ರಾಕ್ಟ್ರು ನಿಂಗಯ್ಯ ಅವ್ನೆ. ಎಲ್ಲಾ ನೋಡಿ ಆಮೇಲೆ ಸೇರ್ಕೊ. ನಡಿ, ನಾನೂ ಬತ್ತೀನಿ.”

ಬಟ್ಟೆಯ ಮಾತೆತ್ತಿದ್ದೇ ತಪ್ಪಾಯಿತು, ಟೈಲರ್ ಸೋತ. ಅರ್ಜಿಯನ್ನಂತೂ ಮಾಲಿನಿ ಹತ್ತಕ್ಕೆ ಹಾಕಿಯೇ ಹಾಕುತ್ತಾಳೆ, ಸುಮ್ಮನೆ ನೋಡಿ ಬಂದರೆ ನಷ್ಟವೇನು? ಅಷ್ಟರಲ್ಲಿ ಯಳಂದೂರು ಬಸ್ಸು ಹೊರಟಿತು ಎಂದು ಯಾರೋ ಕೂಗಿದರು. ಚೀಲ ಹೆಗಲಿಗೇರಿಸಿ, ಅಂಗಡಿ ಬಾಗಿಲು ಎಳೆದು ಓಡಿದ. ಚಾರ್ಜಿಗೆ ಹಾಕಿದ್ದ ಮೊಬೈಲು ಅಂಗಡಿಯಲ್ಲೇ ಉಳಿಯಿತು. ಕೊರಳಿನ ಅಳತೆ ಟೇಪು ಮಾತ್ರ ಕೊರಳಲ್ಲೇ ಇತ್ತು. ಬಸ್ಸಿನಲ್ಲಿ ಕೂತಾಗ ಚೀಲ ತೊಡೆಯ ಮೇಲೆ ಭಾರವೆನಿಸಿ, ಪವಿತ್ರ ಬುತ್ತಿ ಕಟ್ಟಿಟ್ಟಿದ್ದಾಳೆ ಪಾಪ ಎಂದುಕೊಂಡ.

ಸ್ವಾಮಿಯ ಇನ್‌ಸ್ಟಿಟ್ಯೂಟು ಅಂದರೆ ಯಳಂದೂರಿನ ಒಂದೇ ಕೋಣೆ. ಕಂಪ್ಯೂಟರ್, ಬ್ಯೂಟಿ ಪಾರ್ಲರ್, ಹೊಲಿಗೆ, ಎಲೆಕ್ಟ್ರಿಕಲ್ ಎಲ್ಲವೂ ಅಲ್ಲೇ. “ಆರು ತಿಂಗಳ ಕೋರ್ಸು. ಐದು ತಿಂಗಳು ಥಿಯರಿ, ಆರನೇ ತಿಂಗಳು ವೈರ್ ಮುಟ್ಟಿಸ್ತೀವಿ,” ಎಂದು ಸ್ವಾಮಿ ಗಂಭೀರವಾಗಿ ಹೇಳಿದ.

“ವೈರ್ ಎಲ್ಲವೆ?” ಎಂದು ಶಾಂತಮೂರ್ತಿ ಸುತ್ತ ನೋಡಿದ.

“ತರಿಸ್ತೀವಿ,” ಎಂದ ಸ್ವಾಮಿ. ಅವನ ಕಣ್ಣು ಶಾಂತಮೂರ್ತಿಯ ಕೊರಳಿಗೆ ಬಿತ್ತು. “ಸಾ, ನೀವು ಟೈಲರಾ? ನಮ್ ಹೊಲಿಗೆ ಮೇಡಂ ಇವತ್ತು ಬಂದಿಲ್ಲ. ಉಡ್ಗೀರು ಸುಮ್ನೆ ಕೂತವ್ರೆ. ವಸಿ ಕಾಲರ್ ಕೂರ್ಸೋದು ಹೇಳ್ಕೊಟ್ಬುಡಿ.”

ಜೀವನದಲ್ಲಿ ಮೊದಲ ಸಲ ‘ಸಾ’ ಅನ್ನಿಸಿಕೊಂಡವನು ಇಲ್ಲ ಅನ್ನುತ್ತಾನೆಯೇ? ಒಂದು ಗಂಟೆ ಕಾಲರ್ ಪಾಠವಾಯಿತು. ಆ ಹೊತ್ತಿನಲ್ಲಿ ದೊಡ್ಡಮಾದಪ್ಪ ಸ್ವಾಮಿಯ ಪಕ್ಕ ಕೂತು, ಕೊಳ್ಳೇಗಾಲದ ಪುಕ್ಕಟೆ ಕೋರ್ಸನ್ನು ಚೆನ್ನಾಗಿ ಬೈದರು. ಅದೆಲ್ಲಿದೆ, ಎಷ್ಟು ದಿನ, ಊಟ ಏನು ಎಂದು ಸ್ವಾಮಿ ಕೇಳುತ್ತ, ತನ್ನ ಕಂಪ್ಯೂಟರಿನಲ್ಲಿ ಟಕಟಕ ಒತ್ತುತ್ತಿದ್ದ.

ಹನೂರಿನಲ್ಲಿ ಕಂಟ್ರಾಕ್ಟರ್ ನಿಂಗಯ್ಯ ಹೊಸ ಮನೆಯೊಂದರ ಏಣಿಯ ತುದಿಯಲ್ಲಿದ್ದ. “ಸರ್ಟಿಫಿಕೇಟು ಬಲ್ಬ್ ಉರಿಸ್ತದಾ? ನನ್ ಜೊತೇಲಿ ಮೂರು ವರ್ಷ ಗೋಡೆ ಕೊರಿ, ತಾನಾಗೇ ಬತ್ತದೆ ವಿದ್ಯೆ,” ಎಂದು ಅಲ್ಲಿಂದಲೇ ಕೂಗಿದ. ಉತ್ಸಾಹದಲ್ಲಿ ಒಂದು ಕಾಲನ್ನು ಎತ್ತಿ ಕಿಟಕಿಯ ಮೇಲಿಟ್ಟ. ಪರ್ರ್ ಎಂದು ಪ್ಯಾಂಟು ಹಿಂದಿನಿಂದ ಮುಂದಕ್ಕೆ ಹರಿಯಿತು.

ಮನೆಯವರು ಊಟಕ್ಕೆ ಕರೆಯಲು ಬರುವ ಹೊತ್ತು. ನಿಂಗಯ್ಯ ಸರಸರ ಇಳಿದು ಗೋಡೆಗೆ ಬೆನ್ನು ಕೊಟ್ಟು ನಿಂತ. “ಲೇ ಟೈಲರಪ್ಪಾ, ಮಾನ ಉಳ್ಸೋ!” ಸಿಮೆಂಟ್ ಚೀಲ ಸುತ್ತಿಕೊಂಡ ನಿಂಗಯ್ಯನನ್ನು ಮೂಲೆಯಲ್ಲಿ ಕೂರಿಸಿ ಶಾಂತಮೂರ್ತಿ ಪ್ಯಾಂಟು ಹೊಲಿದ. ವೈರ್ ಮುಟ್ಟಲು ಬಂದ ಕೈಗೆ ಮತ್ತೆ ಸೂಜಿಯೇ ಬಂತು.

“ಅಣ್ಣಾ, ಸಾಕು,” ಎಂದ, ವಾಪಸ್ ಬಸ್ಸಿನಲ್ಲಿ. “ನಮ್ ತಲೆ ಮ್ಯಾಲಿರೋ ಕೋರ್ಸೇ ವಾಸಿ. ಮಾಲಿನಿ ಇಷ್ಟೊತ್ತಿಗೆ ಆಕಿರ್ತಳೆ.”

“ನಾನ್ ಬೆಳಿಗ್ಗಿಂದ ಅದ್ನೇ ಏಳ್ತಿಲ್ವಾ?” ಎಂದರು ದೊಡ್ಡಮಾದಪ್ಪ.

ಕೊಳ್ಳೇಗಾಲ ತಲುಪಿದಾಗ ಐದಕ್ಕೆ ಕಾಲು ಗಂಟೆ ಇತ್ತು. ಕಟ್ಟಡದ ಮುಂದೆ ಜಾತ್ರೆಯ ಹಾಗೆ ಜನ. ಮಾಲಿನಿ ಅವನ ಅರ್ಜಿಯಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕೇಂದ್ರದ ಮೇಷ್ಟ್ರು ಚಿಕ್ಕಮಾದಪ್ಪ, ಕರೆಂಟಿನ ಲೈನ್‌ಮನ್ ಮಾದೇಶ್.

“ಎಲ್ಲಿ ಓಗಿದ್ರಿ ಅಣ್ಣಾ? ಫೋನ್ ಮಾಡಿ ಮಾಡಿ ಸಾಕಾಯ್ತು, ಸ್ವಿಚ್ ಆಫ್! ಬೆಳಿಗ್ಗೆಯಿಂದ ಈ ಬಿಲ್ಡಿಂಗಿಗೆ ಮಾತ್ರ ಕರೆಂಟಿಲ್ಲ. ಬೋರ್ಡಿನ ಕೀ ನಿಮ್ಮತ್ರ ಅಂತೆ!”

“ಅಯ್ಯೋ! ನನ್ ಅರ್ಜಿ?”

“ಕಂಪ್ಯೂಟ್ರೇ ಆನ್ ಆಗಿಲ್ವಲ್ಲ!”

ಶಾಂತಮೂರ್ತಿ ಓಡಿಹೋಗಿ ಬೀಗ ತೆಗೆದ. ಮಾದೇಶ್ ಒಳಗೆ ಟಾರ್ಚು ಬಿಟ್ಟು ಬೆಚ್ಚಿಬಿದ್ದ. “ಮೂರಕ್ಕೆ ಮೂರೂ ಫ್ಯೂಸ್ ಇಲ್ಲ ಕಣ್ರಿ! ಬೀಗ ಆಕ್ದಂಗೇ ಇತ್ತು. ಎಂಥಾ ಕಳ್ಳ!”

“ನನ್ನ ಬಾಳಿಗೆ ಕಲ್ಲಾಕ್ದ ಆ ಕಳ್ ನನ್ಮಗನ್ ಕೈ ಸೇದೋಗ!” ಎಂದು ಶಾಂತಮೂರ್ತಿ ಕೂಗಿದ. ದೊಡ್ಡಮಾದಪ್ಪ ಅವನಿಗಿಂತ ಜೋರಾಗಿ ಕಳ್ಳನ ವಂಶವನ್ನೇ ಬೈದರು. ಬೈದು ಬೈದು ಶಾಂತಮೂರ್ತಿಗೆ ಕಣ್ಣು ಕತ್ತಲಿಟ್ಟಿತು. ಮಧ್ಯಾಹ್ನ ಉಂಡಿರಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತು, ಬುತ್ತಿಗೆಂದು ಚೀಲಕ್ಕೆ ಕೈ ಹಾಕಿ ಬಟ್ಟೆಯ ಗಂಟು ಬಿಚ್ಚಿದ.

ತೊಡೆಯ ಮೇಲೆ ಮೂರು ಬಿಳಿ ಫ್ಯೂಸು.

ದೊಡ್ಡಮಾದಪ್ಪ ಮೆಲ್ಲನೆ ಎರಡು ಹೆಜ್ಜೆ ಹಿಂದಕ್ಕೆ ಸರಿದು, “ನಾನು ಬೆಳಿಗ್ಗೇನೇ ಏಳ್ದೆ, ಗೊತ್ತಿಲ್ದೋನು ಕರೆಂಟ್ ತಂಟೆಗೆ ಓಗ್ಬಾರ್ದು ಅಂತ,” ಎಂದರು.

ಮಾದೇಶ್ ಫ್ಯೂಸು ಕಿತ್ತುಕೊಂಡು ಚುಚ್ಚಿದ. ದೀಪಗಳು ಹತ್ತಿದವು. ಮಾಲಿನಿ ಮೇಲಕ್ಕೆ ಓಡಿದಳು, ಹಿಂದೆ ಶಾಂತಮೂರ್ತಿ ಎರಡೆರಡು ಮೆಟ್ಟಿಲು ಹಾರಿದ. ಐದಕ್ಕೆ ಇನ್ನೂ ಆರು ನಿಮಿಷವಿತ್ತು. ಕಂಪ್ಯೂಟರ್ ತೆರೆಯಿತು. ಮಾಲಿನಿಯ ಮುಖ ಇಳಿಯಿತು.

“ಮೂವತ್ತೂ ತುಂಬೋಗಿದೆ ಅಣ್ಣಾ. ಕೊನೇ ಸೀಟು ಹನ್ನೊಂದೂವರೆಗೆ ಆನ್‌ಲೈನಲ್ಲೇ ಓಗಿದೆ. ಯಾರೋ ಯಳಂದೂರಿನ ಸ್ವಾಮಿ ಅಂತೆ.”

“ನಾನೇ!” ಎಂದು ಬಾಗಿಲಲ್ಲಿ ನಿಂತಿದ್ದ ಸ್ವಾಮಿ ನಕ್ಕ. ಅಸಲಿ ದಾಖಲೆ ತೋರಿಸಲು ಬೈಕಿನಲ್ಲಿ ಬಂದಿದ್ದ. “ನಮ್ ಎಲೆಕ್ಟ್ರಿಕಲ್ ಮೇಷ್ಟ್ರು ಬುಟ್ಟೋಗಿ ವರ್ಷ ಆಯ್ತು ಸಾ. ಪಾಠ ಏಳೋಕೆ ಮೊದ್ಲು ನಾನು ಕಲೀಬ್ಯಾಡ್ವೆ? ನೀವು ಬಂದಿದ್ದು ಒಳ್ಳೇದಾಯ್ತು.”

ಶಾಂತಮೂರ್ತಿಗೆ ಅಳು ಬಂತು. ಟೇಪಿನ ತುದಿಯಲ್ಲಿ ಕಣ್ಣೊರೆಸಿಕೊಂಡ. ಆ ಟೇಪನ್ನೇ ದಿಟ್ಟಿಸುತ್ತಿದ್ದ ಚಿಕ್ಕಮಾದಪ್ಪ ಮೇಷ್ಟ್ರು ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು. “ಅಳ್ಬ್ಯಾಡಿ. ಕಿತ್ತ ಫ್ಯೂಸು ಜೊತೇಲಿಟ್ಕೊಳೋದು ಒಳ್ಳೇ ಅಭ್ಯಾಸವೇ. ನಿಮಗೆ ನಮ್ ಕೇಂದ್ರದಿಂದ ಏನಾರ ಮಾಡ್ಲೇಬೇಕು.”

ಶಾಂತಮೂರ್ತಿ ಆಸೆಯಿಂದ ತಲೆಯೆತ್ತಿದ.

“ಸೋಮವಾರ ಬ್ಯಾಚ್ ಶುರು. ಮೂವತ್ತು ಜನಕ್ಕೂ ಯೂನಿಫಾರಂ ಶರ್ಟು ಆಗ್ಬೇಕು. ನೀವೇ ಹೊಲ್ಕೊಡಿ ಟೈಲರ್ ಸಾ.”

ಮೊದಲ ಅಳತೆಗೆ ಸ್ವಾಮಿಯೇ ಕೈ ಅಗಲಿಸಿ ನಿಂತ. ಎದೆ ಮೂವತ್ತೆಂಟು, ತೋಳು ಒಂಬತ್ತು. “ಎಡಗಡೆ ಒಂದು ಉದ್ದಕಿರೋ ಜೇಬು ಇಡಿ ಸಾ,” ಎಂದ. “ಟೆಸ್ಟರ್ ಇಟ್ಕೊಳಾಕೆ.”

“ಎಷ್ಟುದ್ದ?” ಎಂದು ಕೇಳಿದ ಶಾಂತಮೂರ್ತಿ, ಉತ್ತರಕ್ಕೆ ಕಾಯದೆ ತನ್ನ ಜೇಬಿನಿಂದ ಟೆಸ್ಟರ್ ತೆಗೆದು ಸ್ವಾಮಿಯ ಎದೆಗೆ ಹಿಡಿದು ಅಳೆದುಕೊಂಡ.