ಜೀಪಿನ ಮುಂದೆ ನವಿಲು

ಗಾಡಿಗಳ ವೈರಿಂಗ್ ಮಾಡುವವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಾನೆಟ್ ಎತ್ತಿದರೆ ಸಾಕು, ಅದೇ ಎದುರಿಗೆ ಬಂದು ನಿಲ್ಲುತ್ತದೆ. ಗುಂಡ್ಲುಪೇಟೆಯ ಬಸ್ ನಿಲ್ದಾಣದ ಹಿಂದೆ ನನ್ನ ಅಂಗಡಿ ಇತ್ತು. ನನಗೆ ಮಾತು ಕಡಿಮೆ. ಆದರೆ ತೊಂಬತ್ತರ ದಶಕದಲ್ಲಿ ಒಂದು ಜೀಪು ಬಂತು. ಅದರ ವಿಷಯ ಬಂದರೆ ಮಾತ್ರ ಸುಮ್ಮನಿರಲು ಆಗುವುದಿಲ್ಲ.

ಜೀಪಿನ ಮಾಲೀಕ ಭೀಮನಬೀಡಿನವನು, ನನ್ನ ಜೊತೆ ಶಾಲೆಗೆ ಬಂದವನು. ಮಿಲಿಟರಿ ಹರಾಜಿನಲ್ಲಿ ನಾಲ್ಕೂ ಚಕ್ರ ಎಳೆಯುವ ಜೀಪು ತಂದಿದ್ದ. ವರ್ಷವಾದರೂ ಅದಕ್ಕೆ ಕೆಲಸವಿರಲಿಲ್ಲ. ಹಿತ್ತಲಲ್ಲಿ ನಿಂತೇ ಇತ್ತು. ಹೊಲಕ್ಕೆ ಬರುವ ಆನೆ ಅಟ್ಟಲು ಅರಣ್ಯ ಇಲಾಖೆಯವರಿಗೆ ಬಾಡಿಗೆ ಜೀಪು ಬೇಕಿತ್ತು. ರೇಂಜರ್ ಷರತ್ತು ಎರಡು: ಮುಂದೆ ಒಳ್ಳೆಯ ಲೈಟು ಇರಬೇಕು, ತಾವೇ ಜೀಪಿನಲ್ಲಿ ಕೂತು ನೋಡಬೇಕು. ಮಾಲೀಕನ ಹೆಂಡತಿ ತೀರ್ಪು ಕೊಟ್ಟುಬಿಟ್ಟಿದ್ದಳು: "ಫಾರೆಸ್ಟ್‌ನೋರು ತಕ್ಕಂಡ್ರೆ ಜೀಪು. ಇಲ್ದಿದ್ರೆ ಕೋಳಿ ಗೂಡು."

೧. ಕಂಬಿ

ಒಂದು ಬೆಳಿಗ್ಗೆ ಮಾಲೀಕ ಯಾವುದೋ ಪತ್ರಿಕೆಯಿಂದ ಕತ್ತರಿಸಿದ ಚಿತ್ರ ತಂದ. ವಿದೇಶದ ದೊಡ್ಡ ಟ್ರಕ್ಕು ಬಂಡೆ ಹತ್ತುತ್ತಿದೆ. ಮುಂದೆ ಅಡ್ಡ ಕಂಬಿ, ಕಂಬಿಯ ಮೇಲೆ ಸಾಲಾಗಿ ಲೈಟು.

"ಇಂಗೇ ಬೇಕು ಕಣ್ಲಾ."

"ಬಂಡೆ ಹತ್ತೀಯಾ?"

"ಹೊಲದ ಬದ ಹತ್ತೀನಿ."

ಚಾಮರಾಜನಗರದಲ್ಲಿ ಒಬ್ಬ ವೆಲ್ಡಿಂಗ್‌ನವನಿದ್ದ. ಹುಟ್ಟಿದಾಗಿನಿಂದ ಕಿಟಕಿ ಗ್ರಿಲ್ ಮಾಡಿಕೊಂಡು ಬಂದವನು. ಅವನ ಹತ್ತಿರ ಟೇಪು ಇರಲಿಲ್ಲ. ಜೀಪಿನ ಮುಂದೆ ಒಂದು ಗೋಣಿ ದಾರ ಹಿಡಿದ, ಮೂರು ಗಂಟು ಹಾಕಿದ, ಜೇಬಿಗೆ ಹಾಕಿಕೊಂಡ. "ಓಗಿ" ಅಂದ.

ವಾರ ಕಳೆದು ಅವನೇ ಕಂಬಿ ತಂದ. ಎಂಟು ಬೋಲ್ಟು. ಎಂಟೂ ತೂತಿಗೆ ಸರ್ರನೆ ಇಳಿದವು. ಅರ ಹಿಡಿದು ಉಜ್ಜಬೇಕಾಗಲಿಲ್ಲ. ಮೂರು ಗಂಟಿನಲ್ಲಿ ಎಂಟು ತೂತು ಅವನು ಹೇಗೆ ತಂದ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಸುಮಾರು ಹೊತ್ತು ಬಗ್ಗಿ ನೋಡುತ್ತಲೇ ಇದ್ದೆ. ಎದ್ದು ನಿಂತಾಗ ಕಂಡಿತು. ಕಂಬಿಯ ನಡುವೆ ಗರಿ ಬಿಚ್ಚಿದ ಕಬ್ಬಿಣದ ನವಿಲು.

"ಇದ್ಯಾಕೆ?" ಅಂದೆ.

"ನಡೂಕೆ ಖಾಲಿ ಬುಡಾಕೆ ಕೈ ಬರಾಕಿಲ್ಲ ಕಣಣ್ಣ. ಯಾವ ಕಿಟಕಿಗಾದ್ರೂ ನವಿಲು ಇಕ್ಕೇ ಇಕ್ತೀನಿ."

"ಇದು ಜೀಪು."

ಅವನು ಜೀಪನ್ನು ಮೇಲಿಂದ ಕೆಳಗೆ ನೋಡಿದ. "ಅಂಗಾರೆ ಚಿಲಕ ಬ್ಯಾಡ್ವಾಗಿತ್ತಾ?"

ನೋಡಿದರೆ ಎಡಗಡೆ ಚಿಲಕವೂ ಇತ್ತು.

೨. ಬಣ್ಣ

ನವಿಲನ್ನು ಕತ್ತರಿಸುವ ಹಾಗಿರಲಿಲ್ಲ. ಕಂಬಿಯ ಎರಡು ಭಾಗವೂ ಅದರ ಕಾಲಿಗೇ ಬೆಸೆದಿದ್ದವು. ಹಾಗೇ ಬಿಟ್ಟು ಐದು ಲೈಟು ಕೂರಿಸಿದೆ. ನಡುವಿನದು ನವಿಲಿನ ಹಿಂದೆ ಬಂತು. ಹಳೇ ಡೈನಮೊ ಅಷ್ಟು ಲೈಟು ತಾಳುವುದಿಲ್ಲ. ಅದಕ್ಕೆ ಟ್ರ್ಯಾಕ್ಟರಿನ ಬ್ಯಾಟರಿಯೊಂದನ್ನು ಲೈಟಿಗೇ ಬೇರೆಯಾಗಿ ಇಟ್ಟೆ.

ನಡು ಮಧ್ಯಾಹ್ನ ಸ್ವಿಚ್ ಹಾಕಿದೆ. ಮಾಲೀಕ ಕೈ ಅಡ್ಡ ಹಿಡಿದು ನೋಡಿದ. "ಹತ್ಲೇ ಇಲ್ವಲ್ಲಾ?"

"ಬಿಸಿಲು."

"ಕತ್ಲೆ ಎಲ್ಲೈತೆ?"

ಕತ್ತಲೆ ಪಕ್ಕದ ಅರಿಶಿನದ ಗೋಡೌನಿನಲ್ಲಿತ್ತು. ಬಾಗಿಲು ತೆಗೆಸಿ ಜೀಪಿನ ಮೂತಿ ಒಳಗೆ ನುಗ್ಗಿಸಿದೆವು. ಸ್ವಿಚ್ ಹಾಕಿದೆ.

ನಾನು ಅಂಥದ್ದು ನೋಡಿರಲಿಲ್ಲ. ನೆಲದಿಂದ ಸೂರಿನವರೆಗೆ ಅರಿಶಿನದ ರಾಶಿ, ಅಷ್ಟೂ ಬಂಗಾರವಾಗಿಬಿಟ್ಟಿತು. ಗಾಳಿಯಲ್ಲಿದ್ದ ಧೂಳೂ ಬಂಗಾರ. ಮೂಟೆ ಹೊತ್ತಿದ್ದ ಹಮಾಲರು ಇಳಿಸುವುದನ್ನು ಮರೆತು ನಿಂತರು. ಮಾಲೀಕ ರಾಶಿ ನೋಡಿದ, ಲೈಟು ನೋಡಿದ.

"ಹಳದಿ ಬಲ್ಬು ಹಾಕ್ಬುಟ್ಟಿದ್ದೀಯಲ್ಲಾ! ರೇಂಜರ್ ಸಾಯೇಬ್ರು ಬಿಳಿ ಲೈಟು ಅಂದವ್ರೆ."

"ಬಿಳಿಯೇ."

"ನಂಗೇನು ಕಣ್ಣಿಲ್ವಾ?"

ವಾದ ಮಾಡಲಿಲ್ಲ. ಹೆಗಲ ಮೇಲಿನ ಬಿಳಿ ಟವೆಲ್ ತೆಗೆದು ಲೈಟಿನ ಮುಂದೆ ಹಿಡಿದೆ. ಅದೂ ಹಳದಿಯಾಗಿತ್ತು. ಅರ್ಧ ಗಂಟೆಯಿಂದ ಆ ಧೂಳಿನಲ್ಲಿ ಅದರಲ್ಲೇ ಮುಖ ಒರೆಸುತ್ತಿದ್ದೆ.

"ಟವೆಲ್ ಬುಡಿ," ಅಂದ ಒಬ್ಬ ಹಮಾಲಿ, "ನಿಮ್ಮ ಮೀಸೇನೂ ಅಂಗೇ ಅದೆ."

೩. ಕಾವು

ಜೀಪು ಮೂರು ವಾರ ಮತ್ತೆ ಹಿತ್ತಲಲ್ಲೇ ನಿಂತಿತು. ರೇಂಜರ್ ಬರುವ ದಿನ ಬೆಳಿಗ್ಗೆ ಭೀಮನಬೀಡಿಗೆ ಹೋದೆ. ಲೈಟಿನ ಬ್ಯಾಟರಿ ಮುಂದಿನ ಸೀಟಿನ ಮೇಲೆ ಸುಮ್ಮನೆ ಕೂತಿತ್ತು. ಅದನ್ನು ಹಿಂದಿನ ಸೀಟಿನ ಕೆಳಗೆ ಬಿಗಿಯಬೇಕಿತ್ತು. ಕೈ ಹಾಕಿದೆ. ಏನೋ ಕುಕ್ಕಿತು. ಕೋಳಿ. ಹನ್ನೊಂದು ಮೊಟ್ಟೆ.

ಮಾಲೀಕನ ಹೆಂಡತಿ ಒಳಗಿಂದಲೇ ಕೂಗಿದಳು. "ಅದ್ನ ಏಳಿಸ್ಬ್ಯಾಡಿ ಕಣಣ್ಣ! ಮರಿ ಏಳಾಕೆ ಇನ್ನ ಆರು ದಿನ ಅದೆ."

"ರೇಂಜರ್ ಸಂಜೆಗೆ ಬರುತ್ತಾರೆ."

"ಅವ್ರು ಬತ್ತಾರೆ, ಓಯ್ತಾರೆ. ಕೋಳಿ ಎದ್ರೆ ಮತ್ತೆ ಕೂತದಾ?"

ಬ್ಯಾಟರಿಯನ್ನು ಮುಂದಿನ ಸೀಟಿನಲ್ಲೇ ಹಗ್ಗ ಹಾಕಿ ಕಟ್ಟಿದೆ.

ಸಂಜೆ ರೇಂಜರ್ ಬಂದರು. ಎತ್ತರದ ಆಳು, ಇಸ್ತ್ರಿ ಮಾಡಿದ ಖಾಕಿ. ನವಿಲನ್ನು ನೋಡಿದರು. ಚಿಲಕ ನೋಡಿದರು. "ಇದೇನ್ರೀ, ಜೀಪೋ ಕಿಟಕಿಯೋ?" ಅಂದರು. ಮಾಲೀಕನ ಮುಖ ಸಣ್ಣದಾಯಿತು. ರೇಂಜರ್ ಮುಂದಿನ ಬಾಗಿಲು ತೆಗೆದರು. ಬ್ಯಾಟರಿ ಕೂತಿತ್ತು.

"ನಾನೆಲ್ಲಿ ಕೂರಲಿ?"

"ಹಿಂದ್ಗಡೆ ಸಾಮಿ," ಅಂದ ಮಾಲೀಕ. "ಒಸಿ ಮೆತ್ತಗೆ ಕೂತ್ಕಳಿ. ಕೆಳಗೆ ಕೋಳಿ ಕಾವಿಗೆ ಕೂತದೆ."

೪. ಆನೆ

ಕಾಡಂಚಿನ ಜೋಳದ ಹೊಲಕ್ಕೆ ಹೋದೆವು. ಮಾಲೀಕ ಓಡಿಸಿದ. ನಾನೂ ರೇಂಜರೂ ಹಿಂದೆ, ನಮ್ಮ ಕೆಳಗೆ ಕೋಳಿ. ಹೊತ್ತು ಮುಳುಗುತ್ತಿತ್ತು. ಅಲ್ಲಿಗೆ ಒಂದು ಒಂಟಿ ಸಲಗ ದಿನಾ ಬರುತ್ತಿತ್ತು.

"ಅದು ಇವತ್ತು ಹಿಂದಕ್ಕೆ ಹೋದರೆ ನಾಳೆಯಿಂದ ಬಾಡಿಗೆ," ಅಂದರು ರೇಂಜರ್. "ಹೋಗದಿದ್ದರೆ ಜೀಪು ವಾಪಸ್ ಹಿತ್ತಲಿಗೆ."

ಸಲಗ ಬಂತು. ನೂರು ಹೆಜ್ಜೆ ದೂರದಲ್ಲಿ ನಮಗೆ ಪಕ್ಕೆ ಕೊಟ್ಟು ನಿಂತು ಜೋಳ ಕೀಳತೊಡಗಿತು. ಮಾಲೀಕನ ಕಾಲು ಕ್ಲಚ್ಚಿನಿಂದ ಜಾರಿತು. ಜೀಪು ಒಮ್ಮೆ ಎಗರಿ ಆಫಾಯಿತು.

"ಸ್ಟಾರ್ಟ್ ಮಾಡಯ್ಯ," ರೇಂಜರ್ ಪಿಸುಗುಟ್ಟಿದರು.

"ಸೆಲ್ಫ್ ಇಲ್ಲ ಸಾಮಿ. ತಳ್ಬೇಕು."

"ಯಾರು?"

ಯಾರೂ ಇಳಿಯಲಿಲ್ಲ. ಸಲಗ ಕಿವಿ ಬಿಚ್ಚಿತು. ನಾನು ಹಿಂದಿನಿಂದ ಕೈ ಚಾಚಿ ಸ್ವಿಚ್ ಹಾಕಿದೆ.

ಐದು ಲೈಟೂ ಒಟ್ಟಿಗೆ ಹತ್ತಿದವು. ಸಲಗ ಬೆಳ್ಳಗೆ ಎದ್ದು ನಿಂತಿತು, ಸುಣ್ಣ ಬಳಿದ ಗೋಡೆಯ ಹಾಗೆ. ಆ ಗೋಡೆಯ ತುಂಬ ಗರಿ ಬಿಚ್ಚಿದ ನವಿಲು. ನೆರಳಿನ ಕಪ್ಪು ನವಿಲು, ಆನೆಯಷ್ಟೇ ಎತ್ತರ. ಆನೆ ಉಸಿರೆಳೆದರೆ ನವಿಲು ಅರಳುತ್ತಿತ್ತು, ಬಿಟ್ಟರೆ ಮುದುಡುತ್ತಿತ್ತು.

ಮೂವತ್ತು ವರ್ಷ ಲೈಟು ಕಟ್ಟಿದ್ದೇನೆ. ಬೆಳಕು ಅಂದರೆ ಏನು ಅಂತ ಅವತ್ತು ನೋಡಿದೆ.

ಸಲಗ ನಿಧಾನಕ್ಕೆ ತಿರುಗಿತು. ನವಿಲು ಪಕ್ಕೆಯಿಂದ ಬೆನ್ನಿಗೆ ಜಾರಿತು. ಬೆನ್ನ ಮೇಲೆ ಅದನ್ನು ಹೊತ್ತುಕೊಂಡೇ ಸಲಗ ಕಾಡಿನ ಕಡೆ ನಡೆದುಹೋಯಿತು. ಬೆಳಕಿಗೆ ಹೆದರಿ ಹೋಯಿತೋ, ಹೊಟ್ಟೆ ತುಂಬಿ ಹೋಯಿತೋ, ಅದು ಹೇಳಲಿಲ್ಲ.

ಮಾಲೀಕ ಸ್ಟೇರಿಂಗ್ ಬಿಟ್ಟು ಕೈ ಮುಗಿದಿದ್ದ. ರೇಂಜರ್ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಆಮೇಲೆ ಇಳಿದು ಮುಂದೆ ಹೋಗಿ ಕಬ್ಬಿಣದ ನವಿಲನ್ನು ಬೆರಳಿನಿಂದ ಮುಟ್ಟಿದರು.

"ನಾಳೆಯಿಂದ ಬನ್ನಿ," ಅಂದರು. "ಇದನ್ನ ತೆಗೀಬೇಡಿ."

ಮಾಲೀಕ ಸ್ಟೇರಿಂಗ್ ಹಿಡಿದ, ನಾನೂ ರೇಂಜರೂ ಜೀಪು ತಳ್ಳಿದೆವು. ಆರು ದಿನಕ್ಕೆ ಹನ್ನೊಂದು ಮರಿ ಎದ್ದವು. ಜೀಪು ಜೀಪಾಗಿಯೇ ಉಳಿಯಿತು.

ಸುದ್ದಿ ಹಬ್ಬಿತು. ಹದಿನೈದು ದಿನದಲ್ಲಿ ಕಾಡಂಚಿನ ಇನ್ನೊಂದು ಊರಿನವನು ಜೀಪು ತಂದು ಅಂಗಡಿ ಮುಂದೆ ನಿಲ್ಲಿಸಿದ.

"ಎಷ್ಟು ಲೈಟು?" ಅಂದೆ.

"ಲೈಟು ನಿಮ್ಮಿಷ್ಟ ಕಣಣ್ಣ. ನವಿಲು ಮಾತ್ರ ಎಲ್ಡು ಮಡಗಿಸ್ಬುಡಿ. ನಮ್ಕಡೆ ಜೋಡಿ ಆನೆ ಬತ್ತವೆ."

ಹೊರಟವನು ಏನೋ ನೆನೆದು ತಿರುಗಿ ಬಂದ.

"ಚಿಲಕಾನೂ ಇರ್ಲಿ. ಆನೆ ಯಾವುದ್ಕೆ ಎದ್ರಿ ಓಯ್ತೋ ಯಾರು ಕಂಡವ್ರೆ?"