ರುದ್ರಸ್ವಾಮಿಯ ಬಸುರು

ಮಗಳು ದಿವ್ಯ ಚೊಚ್ಚಲ ಹೆರಿಗೆಗೆಂದು ಅಗರದ ತವರಿಗೆ ಬಂದ ದಿನದಿಂದ ರುದ್ರಸ್ವಾಮಿಯನ್ನು ಆ ಮನೆಯಲ್ಲಿ ಕೇಳುವವರೇ ಇರಲಿಲ್ಲ. ಕಾಫಿ ಮೊದಲು ಮಗಳಿಗೆ, ಮೊಸರಿನ ಕೆನೆ ಮಗಳಿಗೆ, ಹಂಡೆಯ ಬಿಸಿನೀರೂ ಮಗಳಿಗೇ. ರೇಷ್ಮೆ ಬೆಳೆದು ನಾಲ್ಕು ಜನರಿಂದ ಗೌರವ ಪಡೆದ ಯಜಮಾನ ತನ್ನ ಮನೆಯಲ್ಲೇ ಬಾಡಿಗೆಗೆ ಬಂದವನಂತಾಗಿದ್ದ.

ಒಂದು ಸಂಜೆ ಅವನ ಸಹನೆಯ ಕಟ್ಟೆ ಒಡೆಯಿತು.

"ಬಸುರಂತೆ ಬಸುರು! ಲೋಕದಲ್ಲಿ ಯಾರೂ ಹೆರ್ದೇ ಇರೋದಾ? ನಂಗೆ ಆ ಒಟ್ಟೆ ಕೊಟ್ಟಿದ್ರೆ ಹೊತ್ಕಂಡೇ ಹೊಲ ಉತ್ತುಬುಡ್ತಿದ್ದೆ!"

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. (ಹೆಂಡತಿ ಬಸವಮ್ಮನ ಸೌಟು ನಿಂತಿತೆಂದರೆ ಜಾಣರು ಹೊಲದ ಕಡೆ ಹೊರಡುತ್ತಾರೆ.) ದಿವ್ಯ ಮಾತ್ರ ನಗುತ್ತ ಮೊಬೈಲನ್ನು ಅಪ್ಪನ ಮುಂದೆ ಹಿಡಿದಳು.

"ನೋಡಪ್ಪಾ, ಇದು ಕಡಲ್ಗುದುರೆ. ಮೀನೇಯ. ಹೆಣ್ಣು ಮೊಟ್ಟೇನ ಗಂಡಿನ ಒಟ್ಟೆ ಚೀಲಕ್ಕೆ ಹಾಕ್ಬುಟ್ಟು ಓಯ್ತದ. ಬಸುರು, ಹೆರಿಗೆ ಎಲ್ಲಾ ಗಂಡಿಂದೇ."

ರುದ್ರಸ್ವಾಮಿ ಕನ್ನಡಕ ಏರಿಸಿದ. ಬೆರಳುದ್ದದ ಪ್ರಾಣಿ, ಮುಖ ಕುದುರೆಯದು, ಬಾಲ ಸುರುಳಿ, ಹೊಟ್ಟೆ ಗುಡಾಣ. ಅದು ಬಾಲದಿಂದ ನೀರೊಳಗಿನ ಗಿಡವೊಂದನ್ನು ಹಿಡಿದು ತಿಣುಕಿತು. ಹೊಟ್ಟೆಯ ಬಾಯಿ ತೆರೆದು ಮರಿಗಳು ಹೊಗೆಯಂತೆ ಹೊರಬಂದವು. ನೂರಾರು ಮರಿ, ಒಂದೊಂದೂ ಅಪ್ಪನದೇ ಅಚ್ಚು. ಅವನ ಕೈ ತಾನಾಗಿಯೇ ಎದೆಯ ಮೇಲಿನ ಶಿವದಾರಕ್ಕೆ ಹೋಯಿತು.

"ಶಿವನೇ! ಗಂಡೇ ಹೆರ್ತದಲ್ಲವ್ವಾ!"

ಚಿಕ್ಕಂದಿನಲ್ಲಿ, ಮಂತ್ರಿಸಿದ ನೀರು ಕುಡಿದು ಬಸುರಾದ ರಾಜನ ಹರಿಕಥೆ ಕೇಳಿ ಬಿದ್ದುಬಿದ್ದು ನಕ್ಕಿದ್ದ. ಈಗ ನಗು ಬರಲಿಲ್ಲ. ಇಷ್ಟು ದೊಡ್ಡ ಸೃಷ್ಟಿಯಲ್ಲಿ ಗಂಡಿಗೂ ಒಂದು ಒಡಲು ದಕ್ಕಿದೆಯಲ್ಲ ಎಂದು ಮೈ ಜುಮ್ಮೆಂದಿತು. ಮುಂದಿನದನ್ನು ನೋಡದೆ ಮೊಬೈಲು ವಾಪಸು ಕೊಟ್ಟ. ಮರುಗಳಿಗೆಯೇ, ಆ ಮೀನು ತನ್ನ ದಾಯಾದಿಯೆಂಬಂತೆ ಮೀಸೆ ತಿರುವಿದ.

"ಕಂಡ್ರಾ? ಒಂದ್ ಸದ್ದು ಮಾಡ್ತಾ? ಕಾಫಿ ಕೇಳ್ತಾ?"

ಬಸವಮ್ಮ ಸೌಟಿನ ಸಮೇತ ಹೊರಬಂದಳು.

"ಆಗ್ಲಿ. ಈ ಸಲ ರೇಷ್ಮೆ ಮೊಟ್ಟೆ ನಿಮ್ಮ ಒಟ್ಟೆಗೇ. ಚಳಿ ಬೇರೆ ಅದ. ಮರಿ ಆಗೋಗಂಟ ಕಾಪಾಡಿ, ನೋಡವ. ಎಲ್ಲಾ ಒಂದೇ ಸಲಕ್ಕೆ ಒಡುದ್ರೆ ನಾನು ಇನ್ನ ಬಾಯಿ ತಗಿಯಾಕಿಲ್ಲ. ಕೆಟ್ಟೋದ್ರೆ ಬೆಳೆಯೂ ಓಯ್ತು, ನಿಮ್ಮ ಮೀಸೆಯೂ ಓಯ್ತು!"

ಮೊಟ್ಟೆ ಅಂಟಿದ ಹಾಳೆಗಳನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ, ಕತ್ತಲಲ್ಲಿ ಬೆಚ್ಚಗಿಟ್ಟು, ಮರಿ ಒಡೆಯುವ ಬೆಳಗ್ಗೆ ಬೆಳಕಿಗೆ ತೆರೆಯುವುದು ಪ್ರತಿ ಬೆಳೆಯಲ್ಲೂ ಬಸವಮ್ಮನ ಕೆಲಸ. ಆಗ ಮರಿಗಳೆಲ್ಲ ಒಟ್ಟಿಗೆ ಹೊರಬರುತ್ತವೆ; ಹೆಚ್ಚುಕಡಿಮೆಯಾದರೆ ಬೆಳೆಯೇ ಹಾಳು. ರುದ್ರಸ್ವಾಮಿ ಆ ಕಪ್ಪು ಗಂಟನ್ನು ಬನಿಯನ್ನಿನ ಮೇಲಿಟ್ಟು, ಟವೆಲ್ಲಿನಿಂದ ಹೊಟ್ಟೆಗೆ ಕಟ್ಟಿ, ಮೇಲೊಂದು ಶಾಲು ಹೊದ್ದ. (ರೇಷ್ಮೆ ಇಲಾಖೆಯವರು ಕಂಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು.) ಗರ್ಭಧಾರಣ ಮಹೋತ್ಸವ ಹೀಗೆ ನೆರವೇರಿತು.

ಅಲ್ಲಿಂದ ಶುರುವಾಯಿತು ಫಜೀತಿ. ಬಗ್ಗುವಂತಿಲ್ಲ, ಮಗ್ಗುಲಾಗುವಂತಿಲ್ಲ, ಹೊಟ್ಟೆ ತುಂಬ ಮುದ್ದೆ ಉಣ್ಣುವಂತಿಲ್ಲ. ದಿವ್ಯಳ ತಪಾಸಣೆಗೆ ಕೊಳ್ಳೇಗಾಲಕ್ಕೆ ಹೊರಟರೆ ಬಸ್ಸು ಗಿಜಿಗುಡುತ್ತಿತ್ತು. ಯಾರೋ ಪುಣ್ಯಾತ್ಗಿತ್ತಿ ಬಸುರಿಗೆಂದು ಜಾಗ ಬಿಟ್ಟು ಎದ್ದಳು. ರುದ್ರಸ್ವಾಮಿ ಕೂತುಬಿಟ್ಟ.

"ಅಪ್ಪಾ!"

"ಸುಮ್ನಿರವ್ವ. ಯಾರಾದ್ರೂ ಮೊಣಕೈಲಿ ತಿವುದ್ಬುಟ್ರೆ ನನ್ನ ಗತಿ?" ಎಂದವನು ಮಗಳ ಕಡೆ ನೋಡಿದ. ಅವಳೂ ಒಂದು ಕೈಯನ್ನು ಹೊಟ್ಟೆಗೆ ಅಡ್ಡ ಹಿಡಿದಿದ್ದಳು, ಥೇಟು ತನ್ನಂತೆಯೇ. ಇಷ್ಟು ತಿಂಗಳೂ ಈ ಕೂಸು ಹೀಗೇ ಹೆದರಿಕೊಂಡು ಓಡಾಡಿತೇ? ತೆಪ್ಪಗೆ ಎದ್ದು ಜಾಗ ಕೊಟ್ಟು, ಕೊಳ್ಳೇಗಾಲದವರೆಗೂ ಕಂಬ ಹಿಡಿದು ನಿಂತ.

ಮಾರನೆಯ ಬೆಳಗ್ಗೆ ಗಂಟು ಬಿಚ್ಚಿ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಇಟ್ಟರು. ಏನೂ ಆಗಲಿಲ್ಲ. ರುದ್ರಸ್ವಾಮಿ ಹಾಳೆಯ ಮೇಲೆ ಬಗ್ಗಿ ನೋಡಿದ. ಬೆಳೆ ಹೋಯಿತೆಂದೇ ಅಂದುಕೊಂಡ. ಆಮೇಲೆ ಒಂದು ಮೊಟ್ಟೆ ಒಡೆಯಿತು. ಅದರ ಪಕ್ಕದ್ದು. ನೋಡನೋಡುತ್ತ ಹಾಳೆಯೆಲ್ಲ ಕಪ್ಪಗೆ ಮಿಸುಕಾಡತೊಡಗಿತು. ಇರುವೆಗಿಂತ ಸಣ್ಣ ಜೀವಗಳು ತಲೆಯೆತ್ತಿ ಸೊಪ್ಪು ಹುಡುಕುತ್ತಿದ್ದವು. ಹುಟ್ಟಿದಂದಿನಿಂದ ರೇಷ್ಮೆ ಕಂಡವನು ಅವನು. ಮರಿ ಒಡೆಯುವುದನ್ನು ಕೂತು ನೋಡಿದ್ದು ಮಾತ್ರ ಇದೇ ಮೊದಲು. ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಳ್ಳಲೂ ಮರೆತ.

"ಬಸ್ವೀ... ಎಲ್ಲಾ ಬದುಕವೆ ಕಣಮ್ಮೀ!"

ಬಸವಮ್ಮ ಸಣ್ಣಗೆ ಹೆಚ್ಚಿದ ಸೊಪ್ಪನ್ನು ಮರಿಗಳ ಮೇಲೆ ಉದುರಿಸಿದಳು. "ಗೆದ್ರಿ ಕಣ್ರಿ. ಮಾತು ಅಂದ್ರೆ ಮಾತು. ನಾನಿನ್ನ ಬಾಯಿ ತಗಿಯಾಕಿಲ್ಲ."

ಇನ್ನು ಬೋರಲು ಮಲಗಿ ಹಾಯಾಗಿ ನಿದ್ದೆ ಹೊಡೆಯಬೇಕು ಎಂದುಕೊಂಡ ರುದ್ರಸ್ವಾಮಿ. ಅಷ್ಟರಲ್ಲಿ ಜಗುಲಿಯಲ್ಲಿ ಗುಸುಗುಸು ಕೇಳಿತು. ಪಕ್ಕದ ಮನೆಯ ರಾಮಮ್ಮ, ಹಿಂದಿನ ಬೀದಿಯ ಪುಟ್ಟಸಿದ್ದಯ್ಯ, ಇನ್ನೂ ಯಾರ್ಯಾರೋ ನಿಂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕಪ್ಪು ಗಂಟು.

"ನಮ್ಮ ಮೊಟ್ಟೇನೂ ಒಸಿ ಕಟ್ಕಳಿ ಸ್ವಾಮಿ," ಎಂದ ಪುಟ್ಟಸಿದ್ದಯ್ಯ. "ನಿಮ್ಮ ಒಟ್ಟೆ ಬೋ ಒಳ್ಳೇದಂತೆ. ಬಸವಮ್ಮಾರು ನೆನ್ನೇನೇ ಹೇಳುದ್ರು."

ರುದ್ರಸ್ವಾಮಿ ಹೆಂಡತಿಯ ಕಡೆ ತಿರುಗಿದ. ಕೊಟ್ಟ ಮಾತಿನಂತೆ ಅವಳು ಬಾಯಿ ತೆರೆಯಲಿಲ್ಲ. ದಿವ್ಯಳ ಮೊಬೈಲನ್ನು ಅವನ ಮುಂದೆ ಹಿಡಿದಳು. ಅಂದು ಅವನು ಅರ್ಧಕ್ಕೇ ಬಿಟ್ಟ ವಿಡಿಯೋ ಓಡುತ್ತಿತ್ತು. ಹೆತ್ತು ಸುಸ್ತಾದ ಗಂಡು ಇನ್ನೂ ಗಿಡ ಹಿಡಿದುಕೊಂಡೇ ಇತ್ತು; ಅಷ್ಟರಲ್ಲೇ ಹೆಣ್ಣು ಮತ್ತೆ ಮೊಟ್ಟೆ ಹೊತ್ತುಕೊಂಡು ಅದರ ಕಡೆ ಬರುತ್ತಿತ್ತು.