ಕತ್ತಿಯವರ ನಡಿಗೆ ಭತ್ಯೆ

ಚಾಮರಾಜಪೇಟೆಯ ವೀರಾಂಜನೇಯ ದಾಳದಾಟ ಮತ್ತು ಸಾಹಸ ಸಂಘದಲ್ಲಿ ಕತ್ತಿ ಹಿಡಿದವರೂ ಬಿಲ್ಲು ಹಿಡಿದವರೂ ಸಮಾನರು. ಇದು ಸಂಘದ ನಿಯಮಾವಳಿಯಲ್ಲಿ ದಪ್ಪಕ್ಷರದಲ್ಲಿದೆ. ಕಳೆದ ದೀಪಾವಳಿಯಿಂದೀಚೆಗೆ ಕತ್ತಿ ಹಿಡಿದ ಒಬ್ಬರೂ ಒಬ್ಬ ರಾಕ್ಷಸನನ್ನೂ ಮುಟ್ಟಿಲ್ಲ ಎಂಬುದು ನಿಜ. ಆದರೆ ಅದಕ್ಕೂ ಸಮಾನತೆಗೂ ಸಂಬಂಧವಿಲ್ಲವೆಂದು ಸಂಘ ಸ್ಪಷ್ಟಪಡಿಸಿದೆ.

ಆಟ ಇಷ್ಟೇ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಸದಸ್ಯರು ಕಾಫಿಪುಡಿ ಅಂಗಡಿಯ ಮೇಲಿನ ಮಹಡಿಯಲ್ಲಿ ಸೇರುತ್ತಾರೆ. ಮೇಜಿನ ಮೇಲೆ ಚೌಕಾಬಾರದಂತೆ ಮನೆಗಳನ್ನು ಗೆರೆ ಎಳೆದ ದೊಡ್ಡ ಹಾಳೆ. ಒಬ್ಬೊಬ್ಬರಿಗೂ ಒಬ್ಬೊಬ್ಬ ವೀರ. ವೀರ ಅಂದರೆ ಹೆಬ್ಬೆರಳಷ್ಟು ಬೊಂಬೆ. ಆಟದ ಯಜಮಾನರಾದ ಗಂಗಾಧರಯ್ಯನವರು ಕಥೆ ಹೇಳುತ್ತಾ ಹೇಳುತ್ತಾ ರಾಕ್ಷಸರನ್ನು ತಂದು ಇಡುತ್ತಾರೆ. ಸರದಿ ಬಂದಾಗ ಇಪ್ಪತ್ತು ಮುಖದ ದಾಳ ಹಾಕಿ ಹೊಡೆಯಬೇಕು. ಬಿಲ್ಲಿನವರು ನಿಂತಲ್ಲಿಂದಲೇ ಹೊಡೆಯುತ್ತಾರೆ. ಕತ್ತಿಯವರು ರಾಕ್ಷಸನ ಪಕ್ಕದ ಮನೆಯವರೆಗೂ ನಡೆದುಹೋಗಬೇಕು, ಅದೂ ಒಂದು ಸರದಿಗೆ ಆರೇ ಮನೆ. ಅವರು ಹೋಗಿ ಸೇರುವ ಹೊತ್ತಿಗೆ ಅಲ್ಲಿ ಹೆಣ ಮಾತ್ರ ಉಳಿದಿರುತ್ತದೆ.

ಅಣ್ಣಮ್ಮನವರು ಕತ್ತಿಯವರು. ಕಲಾಸಿಪಾಳ್ಯದಲ್ಲಿ ಒಂದು ಕಾಲಕ್ಕೆ ಸೊಪ್ಪಿನ ಕಟ್ಟು ಹೊತ್ತವರು, ಈಗ ಸ್ವಂತ ಮಂಡಿಯಲ್ಲಿ ಕೂತು ಕೋಸು, ಬೀಟ್‌ರೂಟು ಲೋಡುಗಟ್ಟಲೆ ಇಳಿಸಿಕೊಳ್ಳುವವರು. ಒಮ್ಮೆ ಕಾಫಿಪುಡಿ ಕೊಳ್ಳಲು ಬಂದಾಗ ಮೇಲಿಂದ "ಕಡಿ! ಕಡಿ!" ಎಂಬ ಕೂಗು ಕೇಳಿ, ಜಗಳ ಬಿಡಿಸೋಣವೆಂದು ಮೆಟ್ಟಿಲು ಹತ್ತಿದವರು ಅಲ್ಲೇ ಕೂತುಬಿಟ್ಟರು. ಯಾವ ವೀರ ಬೇಕೆಂದು ಕೇಳಿದಾಗ, "ಬಿಲ್ಲು ಗಿಲ್ಲು ಬೇಡ. ನಾನು ಯಾರ ಜೊತೆ ಜಗಳ ಆಡಿದ್ರೂ ಎದುರಿಗೆ ನಿಂತೇ ಆಡಿರೋದು," ಅಂದಿದ್ದರು. ತಮ್ಮ ಬೊಂಬೆಗೆ ತಾವೇ ನೇಲ್ ಪಾಲಿಷ್‌ನಲ್ಲಿ ಕೆಂಪು ಸೀರೆ ಬಳಿದಿದ್ದರು. ಅವರಿಗೆ ಪದವಿ ಬೇಡ, ಕಿರೀಟ ಬೇಡ. ಆಟದ ಕಥೆಯಲ್ಲಿ ಬರುವ, ಬೆಂಕಿ ಉಗುಳುವ ಬೆಟ್ಟದ ಗುಹೆಯ ಡ್ರ್ಯಾಗನ್ನಿಗೆ ತಮ್ಮ ಕೈಯಾರೆ ಒಂದು ಏಟು ಹಾಕಬೇಕು. ಒಂದೇ ಏಟು.

ಮುಂದಿನ ತಿಂಗಳು ಡ್ರ್ಯಾಗನ್ ಬರಲಿದೆ ಎಂದು ಗಂಗಾಧರಯ್ಯನವರು ಪ್ರಕಟಿಸಿದ ದಿನ ಅಣ್ಣಮ್ಮನವರು ಮೇಜು ಕುಟ್ಟಿದರು.

"ಯಜಮಾನ್ರೇ, ಅದನ್ನೂ ಈ ಪ್ರಭುದೇವ ದೂರದಿಂದ್ಲೇ ಹೊಡೆದು ಮುಗಿಸ್ಬಿಟ್ರೆ ನಾನ್ಯಾಕೆ ಬರ್ಬೇಕು? ಹೆಣ ನೋಡಕ್ಕಾ?"

ಪ್ರಭುದೇವ ವಕೀಲ, ಸಂಘದ ಕಾರ್ಯದರ್ಶಿ, ಬಿಲ್ಲಿನವರ ನಾಯಕ. "ಅಕ್ಕಾ, ನೀವು ಲೇಟಾಗಿ ಬಂದ್ರೆ ನಾನೇನ್ ಮಾಡ್ಲಿ? ಬೇಗ ಬನ್ನಿ."

"ಆರು ಮನೆಗಿಂತ ಜಾಸ್ತಿ ನಡೆಯಕ್ ಬಿಡಲ್ವಲ್ಲಯ್ಯ! ನೀನು ಕೂತಲ್ಲೇ ಕೆಲಸ ಮಾಡಿಸ್ಕೊಳ್ಳೋ ಜಾತಿ. ಮನೆ ಖಾತೆ ಕೂಡ ಫೋನಲ್ಲೇ ಮಾಡಿಸ್ಕೊಂಡೋನು. ನಾನು ನನ್ನ ಮನೆ ಖಾತೆಗೆ ಆಫೀಸಿನ ಮೆಟ್ಲು ಹತ್ತಿ ಹತ್ತಿ ಚಪ್ಪಲಿ ಸವೆಸ್ದೆ."

"ಅದು ಬೇರೆ ವಿಷಯ," ಎಂದ ಪ್ರಭುದೇವ. ಅದು ಬೇರೆ ವಿಷಯವೆಂದು ನಡಾವಳಿಯಲ್ಲಿ ದಾಖಲಾಯಿತು.

ದೂರು ಬಂದ ಮೇಲೆ ಪರಿಹಾರ ಕೊಡಲೇಬೇಕು. ಸಮೀಪ–ದೂರ ಸಮತೋಲನ ಉಪಸಮಿತಿ ರಚನೆಯಾಯಿತು. ಕತ್ತಿಯವರೂ ಬಿಲ್ಲಿನವರೂ ಸಮಸಂಖ್ಯೆಯಲ್ಲಿದ್ದರು. ಸಭೆ ಮಲ್ಲೇಶ್ವರದ ಪ್ರಭುದೇವನ ಮನೆಯಲ್ಲಿ. ದೂರದಿಂದ ಕೆಲಸ ಮಾಡುವುದು ಬಿಲ್ಲಿನವರ ಸ್ವಭಾವವಾದ್ದರಿಂದ ಅವರು ತಂತಮ್ಮ ಮನೆಯಿಂದಲೇ ವಿಡಿಯೋದಲ್ಲಿ ಭಾಗವಹಿಸಬಹುದು. ಹತ್ತಿರ ಹೋಗುವುದು ಕತ್ತಿಯವರ ಸ್ವಭಾವವಾದ್ದರಿಂದ ಅವರು ಖುದ್ದಾಗಿ ಹಾಜರಾಗತಕ್ಕದ್ದು. ಅಣ್ಣಮ್ಮನವರ ಆಟೋ ಮೆಜೆಸ್ಟಿಕ್ಕಿನ ಹತ್ತಿರ ಸಿಕ್ಕಿಹಾಕಿಕೊಂಡಿತು. ಅವರು ಏದುಸಿರು ಬಿಡುತ್ತಾ ಒಳಗೆ ಕಾಲಿಡುವಾಗ ವಂದನಾರ್ಪಣೆ ನಡೆಯುತ್ತಿತ್ತು. ತಡವಾಗಿ ಬಂದದ್ದಕ್ಕೆ ಅವರಿಗೂ ವಂದನೆ ಸಲ್ಲಿಸಲಾಯಿತು.

ಪ್ರಕಟಣೆ ಹೊರಬಿತ್ತು:

"ಕತ್ತಿ ಹಿಡಿದ ಸದಸ್ಯರ ಕಾಲ್ನಡಿಗೆಯ ಕಷ್ಟವನ್ನು ಸಂಘವು ಮನಗಂಡಿದೆ. ಇನ್ನು ಮುಂದೆ ಅವರು ಶತ್ರುವಿನ ದಿಕ್ಕಿನಲ್ಲಿ ನಡೆದ ಪ್ರತಿ ಮನೆಗೂ ಒಂದು ಅನುಭವದ ಅಂಕವನ್ನು ನಡಿಗೆ ಭತ್ಯೆಯಾಗಿ ನೀಡತಕ್ಕದ್ದು. ಇದರಿಂದ ಬಿಲ್ಲಿನವರಿಗೆ ಅನ್ಯಾಯವಾಗಬಾರದಾದ್ದರಿಂದ, ಬಾಣ ಬಿಡದೆ ಕಾದ ಪ್ರತಿ ಸರದಿಗೂ ಅವರಿಗೆ ಕಾಯುವ ಭತ್ಯೆ ನೀಡತಕ್ಕದ್ದು. ಶತ್ರು ಸತ್ತ ಕ್ಷಣದಿಂದ ಎರಡೂ ಭತ್ಯೆಗಳು ನಿಲ್ಲತಕ್ಕದ್ದು."

ಅಂಕ ಕೂಡಿದಂತೆಲ್ಲ ವೀರನ ದರ್ಜೆ ಏರುತ್ತದೆ. ಸದಸ್ಯರು ಚಪ್ಪಾಳೆ ತಟ್ಟಿದರು.

"ನಾನು ಭತ್ಯೆ ಕೇಳಿದ್ನಾ?" ಅಂದರು ಅಣ್ಣಮ್ಮನವರು. "ಏಟು ಕೇಳಿದ್ದು."

"ಏಟು ಹಾಕಬೇಡಿ ಅಂತ ಎಲ್ಲೂ ಬರೆದಿಲ್ವಲ್ಲ, ಅಕ್ಕಾ," ಎಂದ ಪ್ರಭುದೇವ.

ಡ್ರ್ಯಾಗನ್ ಬಂತು. ಚಿಕ್ಕಪೇಟೆಯಲ್ಲಿ ಕೊಂಡ ನೇರಳೆ ಬಣ್ಣದ ಪ್ಲಾಸ್ಟಿಕ್ಕು, ಬೆಲ್ಲದ ಅಚ್ಚಿನಷ್ಟು ಗಾತ್ರ. ಬಿಲ್ಲಿನವರು ಬಾಣ ಹೂಡಿ, ಬಿಡದೆ, ಕಾಯುವ ಭತ್ಯೆ ಪಡೆಯತೊಡಗಿದರು. ಕತ್ತಿಯವರಲ್ಲಿ ಎಲ್ಲರಿಗಿಂತ ಮೊದಲು ಡ್ರ್ಯಾಗನ್ನಿನ ಪಕ್ಕ ಮುಟ್ಟಿದವನು ಸ್ಪೇರ್ ಪಾರ್ಟ್ಸ್ ಅಂಗಡಿಯ ಮುನಿರಾಜು. ಇಷ್ಟು ದಿನಕ್ಕೆ ಒಬ್ಬ ಕತ್ತಿಯವನು ಜೀವಂತ ಶತ್ರುವಿನ ಪಕ್ಕ ನಿಂತಿದ್ದ. ಅಣ್ಣಮ್ಮನವರು ಕುರ್ಚಿಯಿಂದ ಎದ್ದೇಬಿಟ್ಟರು.

"ಹಾಕು ಏಟು! ಏನ್ ನೋಡ್ತಿದೀಯ?"

ಮುನಿರಾಜು ದಾಳವನ್ನು ಅಂಗೈಯಲ್ಲಿ ಉರುಳಾಡಿಸಿದ. "ಇರಿ ಅಕ್ಕಾ. ಹೊಡೆದ್ರೆ ಸತ್ತೋಗ್ತದೆ. ಸತ್ತೋದ್ರೆ ಭತ್ಯೆ ನಿಂತೋಗ್ತದೆ." ಆಮೇಲೆ ಗಂಗಾಧರಯ್ಯನವರ ಕಡೆ ತಿರುಗಿದ. "ಸಾರ್, ಒಂದು ಡೌಟು. ಇದರ ಪಕ್ಕದ ಮನೆಯಿಂದ ಇನ್ನೊಂದು ಪಕ್ಕದ ಮನೆಗೆ ಹೋದ್ರೆ ನಡಿಗೆ ಲೆಕ್ಕಕ್ಕೆ ಬರ್ತದಾ?"

ಗಂಗಾಧರಯ್ಯನವರು ನೌಕರಿಯಲ್ಲಿದ್ದಷ್ಟೂ ದಿನ ಸರ್ಕಾರಿ ಪ್ರವಾಸಗಳ ಬಿಲ್ಲು ಪಾಸು ಮಾಡಿದವರು. ಕಣ್ಣು ಮುಚ್ಚಿ ಯೋಚಿಸಿದರು. "ಶತ್ರುವಿನಿಂದ ದೂರ ಹೋಗದ ಪ್ರತಿ ಹೆಜ್ಜೆಯೂ ಶತ್ರುವಿನ ದಿಕ್ಕಿನದೇ," ಎಂದು ತೀರ್ಪು ಕೊಟ್ಟರು.

ಮುನಿರಾಜು ಡ್ರ್ಯಾಗನ್ನಿನ ಸುತ್ತ ಒಂದು ಸುತ್ತು ಬಂದ. ಅವನ ಹಿಂದೆ ಉಳಿದ ಕತ್ತಿಯವರು ಬಂದರು. ಬಸವನಗುಡಿಯಿಂದ ಹೊಸದಾಗಿ ಸೇರಿದ್ದ ಒಬ್ಬರು ತಿಳಿಯದೆ ಎದುರು ದಿಕ್ಕಿನಲ್ಲಿ ಹೊರಟಾಗ ಎಲ್ಲರೂ ಒಟ್ಟಿಗೆ, "ರೀ, ಅಪ್ರದಕ್ಷಿಣೆ ಬರಬಾರ್ದು!" ಅಂದರು. ಯಾಕೆಂದು ಯಾರೂ ಕೇಳಲಿಲ್ಲ. ಮುಂದಿನ ವಾರ ಅದಕ್ಕೊಂದು ನಿಯಮ ಬಂತು.

ಡ್ರ್ಯಾಗನ್ ಕೂಡ ಬೆಂಕಿ ಉಗುಳಲಿಲ್ಲ. ಉಗುಳಿದರೆ ಫಲಾನುಭವಿಗಳ ಸಂಖ್ಯೆ ಇಳಿದು ಲೆಕ್ಕವನ್ನೆಲ್ಲ ಮೊದಲಿಂದ ಬರೆಯಬೇಕಾಗುತ್ತದೆಂದು ಗಂಗಾಧರಯ್ಯನವರು ಅದರ ಪರವಾಗಿ ತಿಳಿಸಿದರು. ಒಂದು ಭಾನುವಾರ ಅದರ ಹಣೆಗೆ ಯಾರೋ ಕುಂಕುಮ ಇಟ್ಟಿದ್ದರು. ಇನ್ನೊಂದು ಭಾನುವಾರ ಕೊರಳಲ್ಲಿ ಮಲ್ಲಿಗೆ ಇತ್ತು. ಕೋಸಂಬರಿ ಹಂಚುವುದು ಶುರುವಾಯಿತು. ಕಾಫಿಪುಡಿಗೆ ಬಂದ ಗಿರಾಕಿಗಳು ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು ಮೇಲೆ ಬಂದು, ನೋಡಿ, ಕೈಮುಗಿದು, ಕೋಸಂಬರಿ ತಿಂದು ಹೋದರು. ಅರ್ಧವಾರ್ಷಿಕ ವರದಿಯಲ್ಲಿ ಉಪಸಮಿತಿ ಹೆಮ್ಮೆಯಿಂದ ಬರೆಯಿತು: "ಕತ್ತಿಯವರು ಹೊಡೆದದ್ದು ಸೊನ್ನೆ. ಬಿಲ್ಲಿನವರು ಹೊಡೆದದ್ದು ಸೊನ್ನೆ. ಇಷ್ಟು ನಿಖರವಾದ ಸಮತೋಲನವನ್ನು ಬೇರೆ ಯಾವ ಸಂಘವೂ ಸಾಧಿಸಿಲ್ಲ." ಶೇಷಾದ್ರಿಪುರದ ಇಂಥದೇ ಒಂದು ಸಂಘದವರು ಅಧ್ಯಯನ ಪ್ರವಾಸಕ್ಕೆ ಬಂದರು.

ಭತ್ಯೆ ಬರೆಸಿಕೊಳ್ಳಲು ಒಪ್ಪದವರು ಅಣ್ಣಮ್ಮನವರೊಬ್ಬರೇ. ಅವರ ಕೆಂಪು ಸೀರೆಯ ವೀರೆ ಅಡ್ಡದಾರಿ ಹಿಡಿಯದೆ ನೆಟ್ಟಗೆ ಡ್ರ್ಯಾಗನ್ನಿನ ಕಡೆ ನಡೆದಿದ್ದಳು. ಆದರೆ ಅದರ ಸುತ್ತಲಿನ ಮನೆಯೆಲ್ಲ ಭರ್ತಿ. ಎರಡು ಮನೆ ಆಚೆಯೇ ನಿಲ್ಲಬೇಕಾಯಿತು.

"ಸ್ವಲ್ಪ ಜಾಗ ಬಿಡ್ರೋ. ಒಂದೇ ಏಟು ಹಾಕಿ ಹೋಗ್ತೀನಿ."

"ಎಲ್ರೂ ಬರೋ ಹಾಗೆ ಲೈನಲ್ಲಿ ಬನ್ನಿ ಅಕ್ಕಾ," ಅಂದ ಮುನಿರಾಜು.

ಅಣ್ಣಮ್ಮನವರು ಹಲ್ಲು ಕಚ್ಚಿಕೊಂಡು ಲೈನಿನಲ್ಲಿ ನಿಂತರು. ಕಾರ್ತಿಕ ಮಾಸ, ಜನ ಜಾಸ್ತಿ. ಕೊನೆಗೆ ಸರದಿ ಬಂತು, ಸುತ್ತಿನೊಳಗೆ ಕಾಲಿಟ್ಟರು. ಡ್ರ್ಯಾಗನ್ನಿನ ಬಾಲ ಪಕ್ಕದಲ್ಲೇ ಇತ್ತು. ದಾಳ ಎತ್ತಿಕೊಂಡರು.

"ಹೊಡೀತೀನಿ."

ಕೋಸಂಬರಿ ಅಗಿಯುವ ಸದ್ದೂ ನಿಂತಿತು.

"ಅಕ್ಕಾ, ಯೋಚನೆ ಮಾಡಿ. ಸಮತೋಲನ ಕೆಡತ್ತೆ," ಅಂದ ಪ್ರಭುದೇವ.

"ಅಕ್ಕಾ, ನನ್ನ ದರ್ಜೆ ಏರಕ್ಕೆ ಇನ್ನು ಒಂದೆರಡು ಸುತ್ತು ಬಾಕಿ. ನಿಮ್ಮ ಕಾಲಿಗೆ ಬೀಳ್ತೀನಿ," ಅಂದ ಮುನಿರಾಜು.

"ಬೀಳು," ಎಂದು ಅಣ್ಣಮ್ಮನವರು ದಾಳ ಹಾಕಿದರು.

ಇಪ್ಪತ್ತು ಬಿತ್ತು. ಇಪ್ಪತ್ತಕ್ಕಿಂತ ಮೇಲೆ ದಾಳದಲ್ಲಿ ಇಲ್ಲ. ಅವರ ಮೈ ಜುಮ್ಮೆಂದಿತು. ಮಂಡಿಗೆ ತಮ್ಮ ಹೆಸರಿನ ಬೋರ್ಡು ಏರಿಸಿದ ದಿನವೂ ಹಾಗಾಗಿರಲಿಲ್ಲ.

ಉಪಸಮಿತಿ ಅಲ್ಲೇ ತುರ್ತುಸಭೆ ಸೇರಿತು. ಏಟು ಬಿದ್ದಿದೆ, ಬಿದ್ದ ಏಟನ್ನು ಇಲ್ಲವೆನ್ನಲು ನಿಯಮದಲ್ಲಿ ಅವಕಾಶವಿಲ್ಲ. ಡ್ರ್ಯಾಗನ್ ಸತ್ತರೆ ಭತ್ಯೆ ಇಲ್ಲ, ಅದಕ್ಕೂ ಅವಕಾಶವಿಲ್ಲ. ಪ್ರಭುದೇವ ಎದ್ದು ನಿಂತು ನಿರ್ಣಯ ಓದಿದ: "ಪ್ರದಕ್ಷಿಣೆಯ ನಡುವೆ ಸದಸ್ಯರು ಡ್ರ್ಯಾಗನ್ನಿಗೆ ಏನನ್ನೇ ಸಲ್ಲಿಸಿದರೂ ಅದನ್ನು ಸೇವೆ ಎಂದು ಪರಿಗಣಿಸತಕ್ಕದ್ದು. ಸೇವೆಯಿಂದ ಡ್ರ್ಯಾಗನ್ನಿನ ಆಯುಸ್ಸು ಕಡಿಮೆಯಾಗತಕ್ಕದ್ದಲ್ಲ. ಶ್ರೀಮತಿ ಅಣ್ಣಮ್ಮನವರದು ಪ್ರಥಮ ಖಡ್ಗಸೇವೆ. ಬಿಲ್ಲಿನ ಸದಸ್ಯರು ಬಾಣಸೇವೆಯನ್ನು ಆನ್‌ಲೈನಿನಲ್ಲಿ ಕಾಯ್ದಿರಿಸಬಹುದು. ಅವರ ಪರವಾಗಿ ಸಂಘವೇ ಬಾಣ ಬಿಟ್ಟು ಪ್ರಸಾದವನ್ನು ಕೊರಿಯರ್ ಮಾಡುತ್ತದೆ."

ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಗಂಗಾಧರಯ್ಯನವರು ಪೆನ್ನಿನ ಮುಚ್ಚಳ ತೆಗೆದರು.

"ಸೇವೆ ಯಾರ ಹೆಸರಲ್ಲಿ, ಅಮ್ಮಾ?"

ಅಣ್ಣಮ್ಮನವರು ಮೇಜಿನ ಮೇಲಿದ್ದ ದಾಳದ ಕಡೆ ಬೆರಳು ತೋರಿಸಿದರು. "ನಾನು ಹೊಡೆದಿದ್ದು ಹೊಡೆದ ಹಾಗೇ ತಾನೇ?"

"ಹೊಡೆದ ಹಾಗೇ. ಸಂಘ ಒಪ್ಪಿದೆ."

"ನನ್ನ ಕೈಯಾರೆ?"

"ತಮ್ಮ ಕೈಯಾರೆ."

"ಹಾಗಾದ್ರೆ ಬರ್ಕೊಳ್ಳಿ. ಅಣ್ಣಮ್ಮ."

"ನಕ್ಷತ್ರ?"

ಹಿಂದೆ ಲೈನು ಮೆಟ್ಟಿಲಿನವರೆಗೂ ನಿಂತಿತ್ತು. ಅಣ್ಣಮ್ಮನವರು ಸೆರಗು ಸರಿಮಾಡಿಕೊಂಡು, ಬೊಂಬೆಯನ್ನು ಒಂದು ಮನೆ ಮುಂದಕ್ಕೆ ಸರಿಸಿದರು.

"ರೋಹಿಣಿ," ಅಂದರು. "ನಾಲ್ಕನೇ ಪಾದ. ಸರಿಯಾಗಿ ಬರೀರಿ."